ಬಡ್ಡಿಯಿಲ್ಲದ ಮನುಷ್ಯ

ದರ್ಜಿ ತನ್ನನ್ನು ನೋಡಿದನೋ ಇಲ್ಲವೋ ಎಂಬುದು ಹಾಲಿನ ಅಂಗಡಿಯಿಂದ ಮನೆಯವರೆಗಿನ ಇನ್ನೂರು ಹೆಜ್ಜೆಗಳಲ್ಲಿ ಮೇಷ್ಟ್ರಿಗೆ ಇತ್ಯರ್ಥವಾಗಲಿಲ್ಲ. ನೋಡಿದ್ದ. ನೋಡದೆ ಯಾರೂ ಹಾಗೆ ಥಟ್ಟನೆ ಮೊಬೈಲನ್ನು ಕಿವಿಗೆ ಒತ್ತಿಕೊಂಡು ರಸ್ತೆ ದಾಟುವುದಿಲ್ಲ, ಅದೂ ಆಚೆ ಬದಿಯಲ್ಲಿ ಇನ್ನೂ ಬಾಗಿಲು ತೆಗೆಯದ ಟೈರ್ ಅಂಗಡಿಯೊಂದನ್ನು ಬಿಟ್ಟು ಬೇರೇನೂ ಇಲ್ಲದಿರುವಾಗ. ಅಥವಾ ನಿಜಕ್ಕೂ ಫೋನು ಬಂದಿದ್ದಿರಬಹುದು. ಬಂದರೇನಂತೆ, ಇನ್ನೊಂದು ಕೈ ಖಾಲಿ ಇತ್ತಲ್ಲ, ಎತ್ತಬಹುದಿತ್ತು. ಕೈ ಹೋಗಲಿ, ತಲೆಯನ್ನಾದರೂ ಒಂದಿಷ್ಟು ಬಗ್ಗಿಸಬಹುದಿತ್ತು. ಇಂಥ ಚಿಲ್ಲರೆ ವಿಷಯಕ್ಕೆಲ್ಲ ತಲೆ ಕೆಡಿಸಿಕೊಳ್ಳುವವನು ತಾನಲ್ಲ ಎಂದು ಮೂರನೆಯ ಸಲ ಅಂದುಕೊಳ್ಳುವ ಹೊತ್ತಿಗೆ ಮನೆ ಬಂದಿತ್ತು. ಚಪ್ಪಲಿ ಬಿಟ್ಟು, ಹಾಲಿನ ಪ್ಯಾಕೆಟ್ಟನ್ನು ಹೆಂಡತಿಯ ಕೈಗೆ ಕೊಡುತ್ತ, ಯಾವ ಮಹತ್ವವೂ ಇಲ್ಲದ ಮಾತೆಂಬಂತೆ, "ಆ ಟೈಲರ್‌ಗೆ ಕಣ್ಣು ಮಂಜಾಗಿದೆಯೋ ಏನೋ" ಎಂದರು.

"ಯಾಕೆ, ದುಡ್ಡು ಕೇಳಿದ್ರಾ?"

"ನಾನ್ಯಾಕೆ ಕೇಳ್ಲಿ? ಇಷ್ಟು ವರ್ಷದಲ್ಲಿ ಯಾರನ್ನಾದ್ರೂ ಕೇಳಿದ್ದುಂಟಾ?"

"ಕೇಳಲ್ಲ." ಹೆಂಡತಿ ಪ್ಯಾಕೆಟ್ಟಿನ ಮೂಲೆಯನ್ನು ಕತ್ತರಿಸಿದರು. "ನೋಡ್ತೀರಿ."

ಕೊಟ್ಟ ಸಾಲವನ್ನು ಕೇಳದೆ ಇರುವುದು ಮೇಷ್ಟ್ರಿಗೆ ಸುಮ್ಮನೆ ಒಲಿದು ಬಂದದ್ದಲ್ಲ, ಇಪ್ಪತ್ತು ವರ್ಷದ ಸಾಧನೆ. ಕಾಲೇಜಿನಲ್ಲಿ ಅರ್ಥಶಾಸ್ತ್ರ ಪಾಠ ಹೇಳುತ್ತ ಮೂವತ್ತಮೂರು ವರ್ಷ ಸವೆಸಿದ್ದ ಅವರಿಗೆ ಬಡ್ಡಿ ಎಂಬ ಶಬ್ದ ಕೇಳಿದರೆ ಊಟದ ತಟ್ಟೆಯಲ್ಲಿ ಕೂದಲು ಕಂಡಂತಾಗುತ್ತಿತ್ತು. ಆದ್ದರಿಂದ ಬೀದಿಯಲ್ಲಿ ಯಾರು ಕಷ್ಟ ಹೇಳಿಕೊಂಡು ಬಂದರೂ ಕೊಡುತ್ತಿದ್ದರು. ಬಡ್ಡಿಯಿಲ್ಲದೆ, ಪತ್ರವಿಲ್ಲದೆ, ಗಡುವಿಲ್ಲದೆ. ಸದ್ಯಕ್ಕೆ ಹದಿಮೂರು ಜನ. ಬಂದವರನ್ನು ಮುಂದಿನ ಕೋಣೆಯ ಬೆತ್ತದ ಕುರ್ಚಿಯಲ್ಲಿ ಕೂರಿಸಿ, ನೀರು ತರಿಸಿ, ಮಕ್ಕಳು ಮರಿ ಎಲ್ಲವನ್ನೂ ವಿಚಾರಿಸಿ, ಆಮೇಲೆ ಸಣ್ಣಗೆ ಮಾತು ತೆಗೆಯುತ್ತಿದ್ದರು. ಬಡ್ಡಿಯ ಇತಿಹಾಸ ಏನು, ಬಡ್ಡಿ ತಿನ್ನುವವನನ್ನು ಹಿಂದೆಲ್ಲ ಜನ ಹೇಗೆ ಊರಾಚೆ ಇಡುತ್ತಿದ್ದರು, ಈಗ ಅವನನ್ನೇ ಹೇಗೆ ವೇದಿಕೆಯ ಮೇಲೆ ಕೂರಿಸುತ್ತಾರೆ, ನೂರು ಜನರ ಬೆವರು ಹೇಗೆ ಸೋಸಿ ಸೋಸಿ ಕೊನೆಗೆ ಒಬ್ಬನ ತಿಜೋರಿಯಲ್ಲಿ ನಿಲ್ಲುತ್ತದೆ. ಕ್ಲಾಸಿನಲ್ಲಿ ಇದನ್ನೇ ಹೇಳಿದರೆ ಹುಡುಗರು ಕಿಟಕಿಯಾಚೆ ನೋಡುತ್ತಿದ್ದರು. ಸಾಲ ಕೇಳಲು ಬಂದವನು ಕಿಟಕಿಯ ಕಡೆ ನೋಡುವುದಿಲ್ಲ. ಅಷ್ಟು ಏಕಾಗ್ರತೆಯಿಂದ ಪಾಠ ಕೇಳುವ ವಿದ್ಯಾರ್ಥಿ ಮೇಷ್ಟ್ರಿಗೆ ಮೂವತ್ತಮೂರು ವರ್ಷದ ನೌಕರಿಯಲ್ಲಿ ಒಬ್ಬನೂ ಸಿಕ್ಕಿರಲಿಲ್ಲ. ಒಂದೆರಡು ಗಂಟೆಯಾದ ಮೇಲೆ ಒಳಗೆ ಹೋಗಿ ಲಕೋಟೆ ತಂದು ಕೊಡುತ್ತ, "ಯಾವಾಗ ಆಗುತ್ತೋ ಆವಾಗ ಕೊಡು. ಬಡ್ಡಿ ಗಿಡ್ಡಿ ಅಂದ್ಯೋ, ದುಡ್ಡು ಇಲ್ಲೇ ಇಟ್ಟು ಎದ್ದು ನಡಿ" ಎಂದಾಗ ಎದುರಿಗಿದ್ದವನ ಮುಖದಲ್ಲಿ ಏನೋ ಕುಸಿಯುತ್ತಿತ್ತು, ಅದು ಕುಸಿಯುವುದನ್ನು ನೋಡುವಾಗ ಮೇಷ್ಟ್ರಿಗೆ ಎದೆಯ ಕೆಳಗೆ ಬೆಚ್ಚಗೆ ಏನೋ ಇಳಿಯುತ್ತಿತ್ತು. ಅದನ್ನು ಅವರು ಕರುಣೆಯೆಂದು ಗುರುತಿಸಿಕೊಂಡಿದ್ದರು.

ದರ್ಜಿ ಎಂಟು ತಿಂಗಳ ಕೆಳಗೆ ಬಂದಿದ್ದ. ಮಗಳ ನರ್ಸಿಂಗ್ ಕಾಲೇಜಿನ ಶುಲ್ಕ, ನಲವತ್ತು ಸಾವಿರ. ಕಣ್ಣಲ್ಲಿ ನೀರು ತಂದುಕೊಂಡಿದ್ದ. ಆಮೇಲೆ ಬೀದಿಯಲ್ಲಿ ಎದುರು ಸಿಕ್ಕಾಗಲೆಲ್ಲ ಮೇಷ್ಟ್ರು ಪ್ರೀತಿಯಿಂದ, "ಮಗಳು ಹೇಗೆ ಓದ್ತಿದ್ದಾಳೆ?" ಎಂದು ಕೇಳುತ್ತಿದ್ದರು, ಅವನು ನಿಂತು, ಹೆಗಲ ಮೇಲಿನ ಟೇಪನ್ನು ಕೆಳಗಿಳಿಸಿ, ವರದಿ ಒಪ್ಪಿಸುತ್ತಿದ್ದ. ಎಲ್ಲ ಸರಿಯಾಗಿಯೇ ಇತ್ತು. ಆ ಬೇಕರಿಯ ದಿನವೊಂದನ್ನು ಬಿಟ್ಟರೆ. ಅವತ್ತು ಮೇಷ್ಟ್ರು ಬ್ರೆಡ್ಡಿಗೆಂದು ಹೋದಾಗ ಮೂಲೆಯ ಮೇಜಿನಲ್ಲಿ ದರ್ಜಿ, ಅವನ ಹೆಂಡತಿ, ಮಗಳು, ಮೂವರ ಮುಂದೂ ಒಂದೊಂದು ತುಂಡು ಕೇಕು. ಕೆನೆ ಮೆತ್ತಿದ್ದು, ಮೇಲೊಂದು ಕೆಂಪು ಹಣ್ಣು ಕೂರಿಸಿದ್ದು. ಮೇಷ್ಟ್ರ ಮನಸ್ಸಿನಲ್ಲಿ, ಯಾರೂ ಕರೆಯದೆ, 'ಮೂರು ತುಂಡು' ಎಂಬ ಲೆಕ್ಕ ಬಂದು ನಿಂತಿತು. ಅವರು ಏನೂ ಅನ್ನಲಿಲ್ಲ. ಸುಮ್ಮನೆ ನಕ್ಕರು. ದರ್ಜಿ ಚಮಚ ಕೆಳಗಿಟ್ಟಿದ್ದ. ಅವನು ಚಮಚ ಕೆಳಗಿಟ್ಟದ್ದು ತಾನು ನಕ್ಕಿದ್ದಕ್ಕೋ, ಮರ್ಯಾದೆಗೋ ಎಂದು ದಾರಿಯುದ್ದಕ್ಕೂ ಯೋಚಿಸಿದ್ದರು. ಮರ್ಯಾದೆಗೇ ಇರಬೇಕು ಎಂದು ತೀರ್ಮಾನಿಸಿದ್ದರು.

ಹದಿಮೂರು ಜನರಿಗೆ ಕೊಡುವ ದುಡ್ಡು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆಯನ್ನು, ಪ್ರಶ್ನೆ ಕೇಳುವುದೇ ಕಸುಬಾಗಿದ್ದರೂ, ಮೇಷ್ಟ್ರು ತಮಗೆ ತಾವು ಕೇಳಿಕೊಂಡಿರಲಿಲ್ಲ. ಸಂಬಳ ಮನೆಗೆ ಸರಿಹೋಗುತ್ತಿತ್ತು. ಅಪ್ಪನ ಮನೆ ಮಾರಿದಾಗ ಅವರ ಪಾಲಿಗೆ ಬಂದ ಹದಿನೆಂಟು ಲಕ್ಷವನ್ನು ಹೆಂಡತಿಯ ತಮ್ಮನ ಫೈನಾನ್ಸ್ ಕಂಪನಿಯಲ್ಲಿ ಇಟ್ಟಿದ್ದರು. ಇಟ್ಟಿದ್ದರು ಎನ್ನುವುದಕ್ಕಿಂತ, ಹೆಂಡತಿ ಇಡಿಸಿದ್ದರು, ಇವರು ಸಹಿ ಹಾಕುವಾಗ ಬೇರೆ ಕಡೆ ನೋಡಿದ್ದರು. ತಿಂಗಳಿಗೆ ನೂರಕ್ಕೆ ಒಂದರಂತೆ ಹದಿನೆಂಟು ಸಾವಿರ ಖಾತೆಗೆ ಬಂದು ಬೀಳುತ್ತಿತ್ತು. ಅದನ್ನು ಮೇಷ್ಟ್ರು 'ಪುಟ್ಟ ಕಳಿಸೋದು' ಎನ್ನುತ್ತಿದ್ದರು. ಬಾಮೈದನಿಗೆ ಐವತ್ತಾಗಿ, ತೂಕ ನೂರಹತ್ತು ದಾಟಿದ್ದರೂ ಮನೆಯಲ್ಲಿ ಅವನು ಪುಟ್ಟನೇ. ಹೆಂಡತಿ ಅದನ್ನು 'ಬಡ್ಡಿ' ಎನ್ನುತ್ತಿದ್ದರು. "ಈ ತಿಂಗಳ ಬಡ್ಡಿ ಬಂತಾ ನೋಡಿ" ಎಂದು ಅಡುಗೆಮನೆಯಿಂದ ಕೂಗಿದರೆ ಮೇಷ್ಟ್ರು ಎದ್ದು ಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿ ಬರುತ್ತಿದ್ದರು.

ಅವತ್ತು ಸಂಜೆ ನಾಲ್ಕಕ್ಕೆ ಕಾಲೇಜಿನ ಸಭಾಂಗಣದಲ್ಲಿ ಅವರ ಉಪನ್ಯಾಸ. ನಿವೃತ್ತಿಗೆ ಮುಂಚಿನ ಕೊನೆಯ ದೊಡ್ಡ ಉಪನ್ಯಾಸ. 'ಬಡ್ಡಿ ಮತ್ತು ಮನುಷ್ಯತ್ವ.' ಇಪ್ಪತ್ತೆರಡು ಪುಟ ಬರೆದಿಟ್ಟಿದ್ದರು. ಆರು ವರ್ಷದಿಂದ ಹಾಕದ ಕೋಟನ್ನು ಬೀರುವಿನಿಂದ ತೆಗೆದು ಹಾಕಿ ನೋಡಿದರೆ ಗುಂಡಿಗೂ ಕಾಜಕ್ಕೂ ನಡುವೆ ನಾಲ್ಕು ಬೆರಳು ಅಂತರ. ದರ್ಜಿಯ ಅಂಗಡಿಗೆ ಹೋಗಲು ಒಂದು ನೆಪ ಸಿಕ್ಕಿದ್ದಕ್ಕೆ ಅವರಿಗೆ ಆದ ಸಮಾಧಾನವನ್ನು ಕೋಟು ಬಿಗಿಯಾದದ್ದರ ಬೇಸರವೆಂದೇ ಹೆಂಡತಿಗೆ ತೋರಿಸಿ, ಅದನ್ನು ತೋಳಿನ ಮೇಲೆ ಹಾಕಿಕೊಂಡು ಹೊರಟರು. ಕೇಳಬಾರದು. ದುಡ್ಡಿನ ಮಾತೇ ಎತ್ತಬಾರದು. ಬೆಳಗಿನದನ್ನು ಮಾತ್ರ, ನಗುನಗುತ್ತ, ಒಂದು ಮಾತು. ಅವನು ನಾಚಿಕೊಳ್ಳುತ್ತಾನೆ, ಇನ್ನೂ ಸ್ವಲ್ಪ ಸಮಯ ಬೇಕು ಎನ್ನುತ್ತಾನೆ, ಆಗ 'ಅವಸರ ಏನಿಲ್ಲ' ಎಂದುಬಿಡುವುದು. ಆ 'ಅವಸರ ಏನಿಲ್ಲ' ಎಂಬುದು ನಾಲಗೆಯ ತುದಿಯಲ್ಲಿ ಆಗಲೇ ಸಿಹಿಯಾಗಿ ಕೂತಿತ್ತು.

ಅಂಗಡಿಯೆಂದರೆ ಎರಡು ಹೊಲಿಗೆ ಮಷೀನು, ಒಂದು ಇಸ್ತ್ರಿ ಮೇಜು, ಒಂದು ಉದ್ದ ಕನ್ನಡಿ. ಇಷ್ಟು ತುಂಬಿದ ಮೇಲೆ ಉಳಿದ ಜಾಗದಲ್ಲಿ ಒಬ್ಬ ಗಿರಾಕಿ ನಿಲ್ಲಬಹುದು, ಇಬ್ಬರು ನಿಂತರೆ ಜಗಳವಾಗುತ್ತದೆ. ದರ್ಜಿಯ ತುಟಿಗಳ ನಡುವೆ ಮೂರು ಗುಂಡುಸೂಜಿ ಇದ್ದವು. ಅವನ್ನು ಒಂದೊಂದಾಗಿ ತೆಗೆದು ಮಷೀನಿಗೆ ಕಟ್ಟಿದ ಮೆತ್ತೆಗೆ ಚುಚ್ಚಿ, "ಬನ್ನಿ ಸಾರ್" ಎಂದ. ಕೋಟು ಹಾಕಿಸಿದ, ಹಿಂದೆ ಮುಂದೆ ನೋಡಿದ, ತೆಗೆಸಿದ. ಟೇಪನ್ನು ಮೇಷ್ಟ್ರ ಹೊಟ್ಟೆಯ ಸುತ್ತ ತಂದು ಹಿಡಿದ. ಮೇಷ್ಟ್ರು ಉಸಿರು ಒಳಗೆಳೆದುಕೊಂಡರು.

"ಉಸಿರು ಬಿಡಿ ಸಾರ್. ಭಾಷಣ ಮಾಡುವಾಗ ಹೇಗೂ ಬಿಡ್ಲೇಬೇಕಲ್ಲ."

ಬಿಟ್ಟರು. ಟೇಪು ಜಾರಿ ಇನ್ನೆರಡು ಇಂಚು ತೋರಿಸಿತು. ದರ್ಜಿ ಆ ಸಂಖ್ಯೆಯನ್ನು ಗಟ್ಟಿಯಾಗಿ ಹೇಳಿ ಬರೆದುಕೊಂಡ. ಬೀದಿಯಲ್ಲಿ ಹೋಗುತ್ತಿದ್ದ ಒಬ್ಬಳು ತಿರುಗಿ ನೋಡಿದಂತಾಯಿತು.

"ಬೆಳಗ್ಗೆ ನೋಡಿದೆ ನಿನ್ನ" ಎಂದರು ಮೇಷ್ಟ್ರು, ಯೋಜಿಸಿದ್ದ ನಗುವನ್ನು ಹುಡುಕಿಕೊಳ್ಳುತ್ತ. "ಯಾರದ್ದೋ ಫೋನಲ್ಲಿದ್ದೆ ಅನ್ಸುತ್ತೆ."

"ಇಲ್ಲ ಸಾರ್. ಫೋನ್ ಬಂದಿರ್ಲಿಲ್ಲ."

ಹೀಗೆ ಹೇಳಿ ಅವನು ಮಷೀನಿನ ಡ್ರಾಯರ್ ಎಳೆದು, ನೂಲಿನ ಉಂಡೆಗಳ ಕೆಳಗಿನಿಂದ ಒಂದು ಲಕೋಟೆ ತೆಗೆದು, ಇಸ್ತ್ರಿ ಮೇಜಿನ ಮೇಲೆ, ಇಸ್ತ್ರಿ ಮಾಡಿದ ಬಟ್ಟೆಯನ್ನು ಇಡುವಷ್ಟೇ ಜೋಪಾನವಾಗಿ ಇಟ್ಟ. "ನಲವತ್ತಮೂರು ಸಾವಿರದ ಇನ್ನೂರಿದೆ. ಎಣಿಸ್ಕೊಳ್ಳಿ."

"ಅವಸರ ಏನಿಲ್ಲ" ಎಂದರು ಮೇಷ್ಟ್ರು. ಮಾತು ತುದಿಯಲ್ಲೇ ಕೂತಿದ್ದರಿಂದ ತಾನಾಗಿ ಜಾರಿತ್ತು. ಆಮೇಲೆ ಸಂಖ್ಯೆ ಕಿವಿಗೆ ಬಿತ್ತು. "ಮೂರು ಸಾವಿರದ ಇನ್ನೂರು ಏನು?"

"ಬಡ್ಡಿ ಸಾರ್. ನೂರಕ್ಕೆ ಒಂದರಂತೆ ಎಂಟು ತಿಂಗಳು."

ಮೇಷ್ಟ್ರಿಗೆ ಕೆನ್ನೆಗೆ ಹೊಡೆದಂತಾಯಿತು. ಬರೀ ಅಂಗಿಯಲ್ಲಿ, ಹೊಟ್ಟೆಯ ಅಳತೆ ಕೊಟ್ಟು ನಿಂತಿರುವಾಗ ಕೋಪ ಮಾಡಿಕೊಳ್ಳುವುದು ಎಷ್ಟು ಕಷ್ಟ ಎಂದು ಅವರಿಗೆ ಆಗ ಗೊತ್ತಾಯಿತು. "ನಾನು ಯಾರು ಅಂತ ತಿಳ್ಕೊಂಡಿದ್ದೀಯ? ನಾನೇನು ಬಡ್ಡಿ ವ್ಯಾಪಾರಿನಾ?"

"ಅಲ್ಲ ಸಾರ್. ಆಗಿದ್ರೆ ನನಗೆ ಸುಲಭ ಆಗ್ತಿತ್ತು." ಅವನ ದನಿಯಲ್ಲಿ ಜಗಳವಿರಲಿಲ್ಲ. ತೋಳು ಗಿಡ್ಡವಾಯಿತು, ಬಟ್ಟೆ ಸಾಲದು ಎಂದು ಗಿರಾಕಿಗೆ ಹೇಳುವ ದನಿ. ಅಳತೆ ಪುಸ್ತಕವನ್ನು ತಿರುಗಿಸಿ ಕೊನೆಯ ಹಾಳೆ ತೆಗೆದ. "ನಿಮಗೆ ತೋರಿಸ್ಬೇಕು ಅಂತ ಬರೆದದ್ದಲ್ಲ ಇದು. ನನ್ನ ಹೆಂಡ್ತಿ ಕೇಳಿದ್ಲು. ಬಡ್ಡಿ ಇಲ್ಲದ ಸಾಲ ಅಂತೀರಲ್ಲ, ಮತ್ತೆ ಅವರ ಮನೆದೆಲ್ಲ ಯಾಕೆ ಬಿಟ್ಟಿ ಹೊಲಿದುಕೊಡ್ತೀರಿ ಅಂತ. ಅವಳಿಗೆ ಹೇಳೋಕೆ ಅಂತ ಬರೀತಾ ಹೋದೆ."

ಹಾಳೆಯಲ್ಲಿ ನೀಲಿ ಚಾಕಿನ ಕಲೆಗಳ ನಡುವೆ ಹನ್ನೊಂದು ಪರದೆ, ಆರು ಸೋಫಾ ಕವರು, ದಿಂಬಿನ ಚೀಲ ಒಂದು ಡಜನ್, ಮೇಷ್ಟ್ರ ಮೂರು ಪ್ಯಾಂಟಿನ ಸೊಂಟ ಬಿಟ್ಟದ್ದು. ಇವನ್ನೆಲ್ಲ ಹೆಂಡತಿ ಕಳಿಸಿದ್ದು ಮೇಷ್ಟ್ರಿಗೆ ಗೊತ್ತಿತ್ತು. 'ದುಡ್ಡೇ ತಗೊಳ್ಲಿಲ್ಲ, ಎಷ್ಟು ವಿಶ್ವಾಸ ಪಾಪ' ಎಂದು ಹೆಂಡತಿ ಹೇಳಿದಾಗ ತಲೆದೂಗಿದ್ದೂ ನೆನಪಿತ್ತು. ಕೊನೆಯ ಸಾಲು ಅರ್ಥವಾಗಲಿಲ್ಲ. "ಇದೇನು, 'ಕೂತದ್ದು, ಒಂಬತ್ತು ಗಂಟೆ'?"

"ನಿಮ್ಮ ಮನೇಲಿ ಕೂತದ್ದು ಸಾರ್. ನಾಲ್ಕು ಸಲ. ನೀವು ಮಾತಾಡಿದ್ದು." ದರ್ಜಿ ಸ್ವಲ್ಪ ಸಂಕೋಚಪಟ್ಟ. "ಒಂಬತ್ತು ಗಂಟೇಲಿ ನಾಲ್ಕು ಪ್ಯಾಂಟ್ ಆಗ್ತವೆ. ಮಾತು ಚೆನ್ನಾಗೇ ಇತ್ತು, ಇಲ್ಲ ಅನ್ನಲ್ಲ."

ಮೇಷ್ಟ್ರು ಕನ್ನಡಿಯಲ್ಲಿ ತಮ್ಮನ್ನು ನೋಡದಿರಲು ಪ್ರಯತ್ನಿಸಿದರು. ಆ ಅಂಗಡಿಯಲ್ಲಿ ಎಲ್ಲಿ ನಿಂತರೂ ಕನ್ನಡಿಯೇ ಎದುರು. "ಹಾಗಾದ್ರೆ ಇದೆಲ್ಲ ಕಳೆದು ಕೊಡಬೇಕಾಗಿತ್ತು" ಎಂದರು, ವ್ಯಂಗ್ಯವಾಗಿ ಎಂದುಕೊಂಡು.

"ಕಳೆದ್ರೆ ನೀವೇ ನನಗೆ ಕೊಡೋ ಹಾಗಾಗುತ್ತೆ. ಅದು ಬೇಡ. ಅದು ವಿಶ್ವಾಸಕ್ಕೆ ಹೊಲಿದದ್ದು ಅಂತಲೇ ಇರ್ಲಿ, ಇದು ಬಡ್ಡಿ. ಬಡ್ಡಿ ಕೊಟ್ಟುಬಿಟ್ರೆ ನಿಮ್ಮನ್ನ ನೋಡಿ ನಾನು ರಸ್ತೆ ದಾಟಬೇಕಾಗಿಲ್ಲ. ಆ ಬೇಕರಿಗೆ ಮಗಳು ಈಗ ಬರಲ್ಲ ಅಂತಾಳೆ ಸಾರ್. ನೀವು ಏನೂ ಅಂದಿಲ್ಲ, ನಕ್ಕಿರಿ ಅಷ್ಟೆ, ನನಗೆ ಗೊತ್ತು." ಅವನು ಕೋಟಿನ ಒಳಹೊಲಿಗೆಯನ್ನು ಬ್ಲೇಡಿನಿಂದ ಬಿಚ್ಚತೊಡಗಿದ. ಕೈಗೆ ಕೆಲಸ ಸಿಕ್ಕಿದ ಮೇಲೆ ಮಾತು ಸಲೀಸಾಯಿತು. "ಇನ್ನೊಂದು. ಹೇಳ್ಬೇಕೋ ಬೇಡವೋ. ದುಡ್ಡು ಕೊಡೋಕೆ ಮುಂಚೆ ಹದಿನಾರು ವರ್ಷ ನೀವು ನನಗೆ 'ಬನ್ನಿ', 'ಕೂತ್ಕೊಳ್ಳಿ' ಅಂತಿದ್ರಿ. ಲಕೋಟೆ ಕೈಗೆ ಕೊಡುವಾಗ 'ಯಾವಾಗ ಆಗುತ್ತೋ ಆವಾಗ ಕೊಡು' ಅಂದ್ರಿ. ಅವತ್ತಿಂದ 'ಬಾ', 'ಹೋಗು'. ನಿಮಗೆ ಗೊತ್ತಾಗಿಲ್ಲ ಅನ್ಸುತ್ತೆ. ಬೇಕು ಅಂತ ಮಾಡಿದ್ದಲ್ಲ ನೀವು."

ನಿಜಕ್ಕೂ ಗೊತ್ತಾಗಿರಲಿಲ್ಲ. ಮೇಷ್ಟ್ರು ನೆನಪಿನಲ್ಲಿ ಹದಿಮೂರು ಜನರನ್ನೂ ಒಬ್ಬೊಬ್ಬರಾಗಿ ಕರೆದು ನೋಡಿದರು. ಔಷಧದ ಅಂಗಡಿಯವನು, ಗ್ಯಾಸ್ ಒಲೆ ರಿಪೇರಿಯವನು, ತನಗಿಂತ ನಾಲ್ಕು ವರ್ಷ ದೊಡ್ಡವನಾದ ಆ ಬಣ್ಣ ಬಳಿಯುವವನು. ಎಲ್ಲರೂ ಏಕವಚನದಲ್ಲಿ ಬಂದು ನಿಂತರು. "ಹಾಗೇನಿಲ್ಲ, ಅದು ಸಲುಗೆ... ನೀನು ತಪ್ಪು..." ಎಂದು ಶುರುಮಾಡಿದವರು 'ನೀನು' ಎಂಬಲ್ಲಿಗೆ ತಡವರಿಸಿ, 'ನೀವು' ಎಂದು ತಿದ್ದಿಕೊಳ್ಳುವುದು ಸೋತಂತಾಗುತ್ತದೆಂದು, ವಾಕ್ಯವನ್ನೇ ಕೈಬಿಟ್ಟರು. "ಇಷ್ಟು ದುಡ್ಡು ಎಲ್ಲಿಂದ ಬಂತು?"

"ನಿಮ್ಮ ಬಾಮೈದರ ಕಂಪನಿಲಿ ತಗೊಂಡೆ. ಈ ಎರಡು ಮಷೀನ್ ಮೇಲೆ. ನೂರಕ್ಕೆ ಎರಡೂವರೆ."

"ತಿಂಗಳಿಗೆ ಎರಡೂವರೆ? ನನ್ನ ಹತ್ರ ಸೊನ್ನೆ ಇತ್ತಲ್ಲಯ್ಯ, ತಲೆ ಸರಿ ಇದೆಯಾ?"

"ಅಲ್ಲಿ ಬಡ್ಡಿ ಇದೆ ಸಾರ್, ನಮಸ್ಕಾರ ಇಲ್ಲ. ಐದನೇ ತಾರೀಕು ಕೌಂಟರಲ್ಲಿ ಕಟ್ಟಿದ್ರೆ ಆ ಹುಡುಗಿ ನನ್ನ ಮುಖಾನೂ ನೋಡಲ್ಲ." ಹೊಲಿಗೆ ಬಿಚ್ಚಿದ ಕೋಟಿನ ಮಡಿಕೆಯಿಂದ ಆರು ವರ್ಷದ ಧೂಳು ಉದುರಿತು. "ಮೂರು ಗಂಟೆಗೆ ಬನ್ನಿ, ರೆಡಿ ಇರುತ್ತೆ. ಕೋಟಿಗೆ ನೂರಿಪ್ಪತ್ತು."

ಲಕೋಟೆಯನ್ನು ಅಲ್ಲೇ ಬಿಟ್ಟು ಬರಬೇಕೆಂದುಕೊಂಡಿದ್ದ ಮೇಷ್ಟ್ರಿಗೆ ಅದು ತಮ್ಮ ಕೈಯಲ್ಲಿರುವುದು ರಸ್ತೆಯ ತಿರುವಿನಲ್ಲಿ ಗಮನಕ್ಕೆ ಬಂತು. ವಾಪಸ್ ಹೋಗಿ ಇಟ್ಟರೆ ನಾಟಕವಾಗುತ್ತದೆ. ಆ ಮೂರು ಸಾವಿರದ ಇನ್ನೂರನ್ನು ಏನು ಮಾಡುವುದು? ಯಾವುದಾದರೂ ಅನಾಥಾಶ್ರಮಕ್ಕೆ ಕೊಡಬಹುದು. ಕೊಟ್ಟರೆ ರಸೀದಿ ಕೊಡುತ್ತಾರೆ, ರಸೀದಿಯ ಮೇಲೆ ತನ್ನ ಹೆಸರಿರುತ್ತದೆ. ಅವನ ಬಡ್ಡಿಯಿಂದ ತನಗೆ ಪುಣ್ಯ. ಇಂಥ ತರ್ಕಗಳನ್ನು ಹಿಂದೆ ಬೇರೆಯವರ ವಿಷಯದಲ್ಲಿ ಬಿಡಿಸುವಾಗ ಅವರಿಗೆ ಖುಷಿಯಾಗುತ್ತಿತ್ತು. ಈಗ ಅಂಗಿಯೊಳಗೆ ಇರುವೆ ಹೊಕ್ಕಂತಾಗುತ್ತಿತ್ತು. ಎರಡೂವರೆ. ಆ ಎರಡೂವರೆಗೆ ಕೋಪ ಮಾಡಿಕೊಳ್ಳಲು ಯಾವ ಅಡ್ಡಿಯೂ ಇರಲಿಲ್ಲ. ಮೇಷ್ಟ್ರು ತಮ್ಮ ಕೋಪವನ್ನೆಲ್ಲ ಅದರ ಮೇಲೆ ಹೇರಿಕೊಂಡು ಬಾಮೈದನ ಕಂಪನಿಯ ಕಡೆ ನಡೆದರು.

ಗಾಜಿನ ಬಾಗಿಲು ತಾನಾಗಿ ತೆರೆದುಕೊಂಡಿತು. ಒಳಗೆ ಎ.ಸಿ.ಯ ತಂಪು, ಸಾಲಾಗಿ ಜೋಡಿಸಿದ ಕಬ್ಬಿಣದ ಕುರ್ಚಿ, ಗೋಡೆಯ ಮೇಲೆ ಟೋಕನ್ ನಂಬರು ಬದಲಾಗುವ ಪರದೆ, ಅದರ ಪಕ್ಕದ ಚಿತ್ರದಲ್ಲಿ ಸಾಲ ತೆಗೆದುಕೊಂಡು ಹಲ್ಲು ಕಾಣುವಂತೆ ನಗುತ್ತಿರುವ ಒಂದು ಸಂಸಾರ. ಕುರ್ಚಿಗಳಲ್ಲಿ ಕೂತವರು ಯಾರೂ ನಗುತ್ತಿರಲಿಲ್ಲ. ಒಬ್ಬ ಹೆಂಗಸು ಕರವಸ್ತ್ರದ ಗಂಟಿನೊಳಗಿನ ಬಳೆಯನ್ನು ಬಟ್ಟೆಯ ಮೇಲಿಂದಲೇ ಬೆರಳಲ್ಲಿ ತಿರುಗಿಸುತ್ತಿದ್ದಳು. ಮೇಷ್ಟ್ರಿಗೆ ಟೋಕನ್ ಬೇಕಾಗಲಿಲ್ಲ. ಮ್ಯಾನೇಜರ್ ಎದ್ದು ನಿಂತು ಒಳಗೆ ಕಳಿಸಿದ. ಪುಟ್ಟ ಕಾಲೇಜಿನಲ್ಲಿ ಅರ್ಥಶಾಸ್ತ್ರಕ್ಕೆ ಎರಡು ಸಲ ಫೇಲಾಗಿದ್ದ. ರಜೆಯಲ್ಲಿ ಮನೆಯಲ್ಲಿ ಕೂರಿಸಿಕೊಂಡು ಬೇಡಿಕೆ ಪೂರೈಕೆಯನ್ನು ಅವನ ತಲೆಗೆ ತುಂಬಲು ಮೇಷ್ಟ್ರು ಪಟ್ಟ ಪಾಡು ಅಷ್ಟಿಷ್ಟಲ್ಲ. ಈಗ ಅವನು ಬೀದಿಯಲ್ಲಿ ಹನ್ನೊಂದು ಮಳಿಗೆಗಳನ್ನು ಕೊಂಡಿದ್ದ. ಕಂತು ತಪ್ಪಿದವರಿಂದ ಬಂದವು ಕೆಲವು, ಕಂತು ತಪ್ಪೀತೆಂಬ ಹೆದರಿಕೆಯಿಂದ ಅವರೇ ಮಾರಿದವು ಕೆಲವು.

"ಭಾವ, ನೀವೇ ಬಂದುಬಿಟ್ರಾ? ಸಂಜೆ ನಾನೇ ಬರೋನಿದ್ದೆ, ನಿಮ್ಮ ಭಾಷಣಕ್ಕೆ. ಬ್ಯಾನರು, ಕಾಫಿ, ಬಿಸ್ಕತ್ತು ಎಲ್ಲ ನಮ್ದೇ. ಪ್ರಿನ್ಸಿಪಾಲರು ಕೇಳಿದ್ರು, ಇಲ್ಲ ಅನ್ನೋಕಾಗುತ್ತಾ?"

ಇದು ಮೇಷ್ಟ್ರಿಗೆ ಗೊತ್ತಿರಲಿಲ್ಲ. ಒಂದು ಕ್ಷಣ ಹೇಳಬೇಕೆಂದು ತಂದದ್ದೇ ಮರೆತುಹೋಯಿತು. "ಆ ಟೈಲರ್ ಹತ್ರ ಎರಡೂವರೆ ತಗೋತಿದ್ದೀಯಂತೆ. ನಾಚಿಕೆ ಆಗಲ್ವೇನೋ ಪುಟ್ಟ? ಮಷೀನು ಹಿಡ್ಕೊಂಡಿದ್ದೀಯ. ನಾಳೆ ಅವನು ಕಟ್ಟದೇ ಹೋದ್ರೆ ಏನ್ಮಾಡ್ತಾನೆ, ಹಲ್ಲಲ್ಲಿ ಹೊಲೀತಾನಾ?"

"ಕಟ್ತಾನೆ ಭಾವ." ಪುಟ್ಟ ಬೇಸರಪಡದೆ ನಕ್ಕ. "ನಿಮ್ಮ ಬೀದಿಯೋರು ಕಟ್ಟೇ ಕಟ್ತಾರೆ. ಎಲ್ಲ ಬ್ರಾಂಚಿಗಿಂತ ಆ ಬೀದಿಯ ವಸೂಲಿ ಚೆನ್ನಾಗಿದೆ. ನಮ್ಮ ಮ್ಯಾನೇಜರ್ ತಲೆ ಕೆಡಿಸ್ಕೊಂಡು ನೋಡಿದ. ಕಾರಣ ಏನು ಗೊತ್ತಾ? ನೀವು."

"ನಾನಾ?"

"ಕಂತಿಗೆ ದುಡ್ಡಿಲ್ದೇ ಹೋದಾಗ ನಿಮ್ಮ ಹತ್ರ ಬರ್ತಾರೆ. ನೀವು ಬಡ್ಡಿ ಇಲ್ದೇ ಕೊಡ್ತೀರಿ. ಅದನ್ನ ತಂದು ನಮಗೆ ಕಟ್ತಾರೆ. ನಿಮ್ಮ ಹದಿಮೂರು ಜನದಲ್ಲಿ ಹನ್ನೊಂದು ಜನ ನಮ್ಮ ಗಿರಾಕಿಗಳೇ. ಅವರು ಕಟ್ಟಿದ್ರಲ್ಲಿ ನಾನು ನಿಮಗೆ ನೂರಕ್ಕೆ ಒಂದು ಕಳಿಸ್ತೀನಿ. ಅದನ್ನ ನೀವು ಮತ್ತೆ ಅವರಿಗೇ ಕೊಡ್ತೀರಿ." ಬೆರಳಿನಿಂದ ಮೇಜಿನ ಗಾಜಿನ ಮೇಲೆ ಒಂದು ಸುತ್ತು ಎಳೆದ. ಹಳೆಯ ಪಾಠದಲ್ಲಿ ದುಡ್ಡಿನ ಚಲಾವಣೆ ವಿವರಿಸುವಾಗ ಮೇಷ್ಟ್ರೇ ಎಳೆಯುತ್ತಿದ್ದ ಸುತ್ತು. "ಒಂದೂವರೆ ಮಾತ್ರ ನನ್ನ ಹತ್ರ ನಿಲ್ಲುತ್ತೆ. ಎ.ಸಿ. ಇದೆ, ಸಂಬಳ ಇದೆ. ನೀವೇ ಹೇಳಿಕೊಟ್ಟಿದ್ದಲ್ವಾ ಇದೆಲ್ಲ?"

ಮೇಷ್ಟ್ರಿಗೆ ತಮ್ಮ ಇಪ್ಪತ್ತು ವರ್ಷಗಳು, ಬೆತ್ತದ ಕುರ್ಚಿ, ಕುಸಿದ ಮುಖಗಳು, ಎಲ್ಲ ಈ ಗಾಜಿನ ಮೇಲೆ ಬೆರಳಿನ ಒಂದು ಜಿಡ್ಡು ಗೆರೆಯಾಗಿ ಉಳಿದಂತೆ ಕಂಡಿತು. ಹೊರಗೆ ಟೋಕನ್ನಿನ ಗಂಟೆ ಹೊಡೆಯಿತು. ಬಳೆಯ ಹೆಂಗಸು ಎದ್ದಿರಬಹುದು. ಅವರು ನೆಟ್ಟಗೆ ಕೂತರು. ದನಿ ತಮಗೇ ಹೊಸದಾಗಿ ಕೇಳಿಸಿತು. "ನನ್ನ ದುಡ್ಡು ವಾಪಸ್ ಕೊಡು. ಹದಿನೆಂಟು ಲಕ್ಷವೂ. ಇವತ್ತೇ."

ಪುಟ್ಟ ವಾದ ಮಾಡಲಿಲ್ಲ. ಡ್ರಾಯರಿನಿಂದ ಒಂದು ಫಾರಂ ತೆಗೆದು ಮುಂದಿಟ್ಟ, ಪೆನ್ನಿನ ಮುಚ್ಚಳವನ್ನೂ ತೆಗೆದುಕೊಟ್ಟ. "ತಗೊಳ್ಳಿ ಭಾವ, ನಿಮ್ಮ ದುಡ್ಡು. ಎಲ್ಲಿಡ್ತೀರಿ? ಬ್ಯಾಂಕಲ್ಲಾ? ಬ್ಯಾಂಕಿನೋರು ಅದನ್ನ ತಂದು ನನಗೇ ಸಾಲ ಕೊಡ್ತಾರೆ. ನಿಮಗೆ ಸಿಗೋದು ಅರ್ಧ ಆಗುತ್ತೆ ಅಷ್ಟೆ. ನಿಮ್ಮಿಷ್ಟ. ಇಲ್ಲಿ ಹೆಸರು, ಇಲ್ಲಿ ಸಹಿ."

ಮೇಷ್ಟ್ರು ಹೆಸರು ಬರೆದರು. ವಿಳಾಸ ಬರೆದರು. ತಾರೀಕು ಬರೆಯುವಾಗ ಹದಿನೇಳು ಎಂದು ನೆನಪಾಯಿತು. ಪೆನ್ನು ನಿಂತಿತು. ನಿಲ್ಲಬಾರದಿತ್ತು ಎಂದು ಗೊತ್ತಿತ್ತು. ನಿಂತದ್ದು ಪೆನ್ನೇ ಹೊರತು ತಾನಲ್ಲ ಎಂಬಂತೆ ಅದನ್ನೇ ನೋಡಿದರು. ಮನೆಗೆ ಹೋಗಿ ಹೆಂಡತಿಗೆ ಹೇಳಬೇಕು. ಇನ್ನು ಐದು ತಿಂಗಳಿಗೆ ಸಂಬಳ ನಿಲ್ಲುತ್ತದೆ. ತಲೆ ಎತ್ತದೆ ಕೇಳಿದರು: "ಈಗ ತಗೊಂಡ್ರೆ ಈ ತಿಂಗಳದ್ದು?"

"ಈ ತಿಂಗಳದ್ದು ಹೋಗುತ್ತೆ." ಪುಟ್ಟನ ದನಿಯಲ್ಲಿ ಗೆದ್ದ ಸೊಕ್ಕಿರಲಿಲ್ಲ, ಮನೆಯವರ ಕಾಳಜಿಯಷ್ಟೇ ಇತ್ತು, ಅದೇ ಹೆಚ್ಚು ಚುಚ್ಚಿತು. "ಒಂದು ಕೆಲಸ ಮಾಡಿ ಭಾವ. ಫಾರಂ ತಗೊಂಡ್ಹೋಗಿ. ಇಪ್ಪತ್ತೆಂಟಕ್ಕೆ ಬನ್ನಿ, ಆವಾಗ ಪೂರ್ತಿ ಸಿಗುತ್ತೆ. ಹನ್ನೊಂದು ದಿನಕ್ಕೆ ಯಾಕೆ ಹದಿನೆಂಟು ಸಾವಿರ ಕಳ್ಕೋತೀರಿ?"

ಮೇಷ್ಟ್ರು ಫಾರಂ ಮಡಚಿ ಲಕೋಟೆಯೊಳಗೆ, ನೋಟುಗಳ ಪಕ್ಕದಲ್ಲಿ ಇಟ್ಟುಕೊಂಡರು.

ಉಪನ್ಯಾಸ ಅದ್ಭುತವಾಗಿತ್ತು. ಹಾಗೆಂದು ಪ್ರಿನ್ಸಿಪಾಲರು ಹೇಳಿದರು, ಮುಂದಿನ ಸಾಲಿನ ನಿವೃತ್ತರು ಹೇಳಿದರು, ಎದ್ದು ನಿಂತು ಚಪ್ಪಾಳೆ ತಟ್ಟಿದ ಪುಟ್ಟನೂ ಹೇಳಿದ. ಎರಡೂ ಬದಿ ಒಂದೂವರೆ ಇಂಚು ಬಿಟ್ಟ ಕೋಟಿನಲ್ಲಿ ಉಸಿರು ಸಲೀಸಾಗಿ ಆಡುತ್ತಿತ್ತು. ಇಪ್ಪತ್ತೆರಡು ಪುಟಗಳನ್ನು ಓದುವಾಗ ಮೇಷ್ಟ್ರಿಗೆ ತಮ್ಮ ದನಿ ಪಕ್ಕದ ಕೋಣೆಯಿಂದ ಬಂದಂತೆ ಕೇಳುತ್ತಿತ್ತು. 'ಬಡ್ಡಿ ಮನುಷ್ಯನನ್ನು ಸಂಖ್ಯೆಯಾಗಿಸುತ್ತದೆ' ಎಂಬಲ್ಲಿ ನಿಲ್ಲಿಸಿ, ನೀರು ಕುಡಿದು, ಬರೆದಿರದ ಒಂದು ಮಾತನ್ನು, ಬಡ್ಡಿಯಿಲ್ಲದೆ ಕೊಡುವವನು ಏನನ್ನು ವಸೂಲು ಮಾಡುತ್ತಾನೆ ಎಂಬುದನ್ನು, ಹೇಳಬೇಕೆಂದುಕೊಂಡರು. ಬಾಯಿ ತೆರೆದರು ಕೂಡ. ಸಭೆಯಲ್ಲಿ ಮುನ್ನೂರು ಮುಖಗಳು ಒಪ್ಪಿಕೊಳ್ಳಲು ಸಿದ್ಧವಾಗಿ ಕೂತಿದ್ದವು. ಅವರು ಪುಟ ತಿರುವಿದರು.

ಎಲ್ಲರೂ ಕಾಫಿಗೆ ಹೊರಗೆ ಹೋದ ಮೇಲೆ ಕಾಲೇಜಿನ ಅಟೆಂಡರ್, ವೇದಿಕೆಯ ಮೇಲಿನ ಮೈಕು ಬಿಚ್ಚುತ್ತಿದ್ದವನು, ಹತ್ತಿರ ಬಂದು ನಿಂತ. ಉಪನ್ಯಾಸವಿಡೀ ಬಾಗಿಲಲ್ಲಿ ನಿಂತು ಕೇಳಿದ್ದ. ಹೆಂಡತಿಗೆ ಗರ್ಭಕೋಶದ ಆಪರೇಷನ್, ಬುಧವಾರ ಸೇರಿಸಬೇಕು, ಇಪ್ಪತ್ತು ಸಾವಿರ ಕಮ್ಮಿ ಬಿದ್ದಿದೆ. "ನಿಮ್ಮನ್ನ ಕೇಳಿದ್ರೆ ಆಗುತ್ತೆ ಅಂತ ಎಲ್ರೂ ಅಂದ್ರು ಸಾರ್." ಹೇಳುತ್ತ ಹೇಳುತ್ತ ಅವನ ಹೆಗಲುಗಳು ಇಳಿದವು, ಮುಖದಲ್ಲಿ ಏನೋ ಕುಸಿಯಲು ಸಿದ್ಧವಾಯಿತು. ಮೇಷ್ಟ್ರ ಎದೆಯ ಕೆಳಗೆ ಆ ಬೆಚ್ಚಗಿನದು ಹೊರಟಿತು. ಅವರಿಗೆ ಈಗ ಅದರ ಗುರುತು ಸಿಕ್ಕಿತ್ತು. ಅದು ಮೇಲೇಳುವುದನ್ನು ಕಾಯದೆ, ಎಡವಿದವರಂತೆ ಆತುರದಿಂದ, ಒಂದೇ ಉಸಿರಿಗೆ ಹೇಳಿದರು:

"ಕೊಡ್ತೀನಿ. ಆದ್ರೆ ನೂರಕ್ಕೆ ಒಂದು ಬಡ್ಡಿ. ಬರೆದುಕೊಡಬೇಕು."

ಹೇಳಿದ ಮೇಲೆ ತಾನೊಂದು ದೊಡ್ಡ ಕೆಲಸ ಮಾಡಿದೆನೆಂದು ಅವರಿಗೆ ಅನ್ನಿಸಿತು. ಇದು ಗೌರವ, ಇದು ಸಮಾನತೆ, ಇವನು ಇನ್ನು ತನ್ನನ್ನು ನೋಡಿ ರಸ್ತೆ ದಾಟಬೇಕಾಗಿಲ್ಲ. ಅಟೆಂಡರ್ ಮಾತ್ರ ಅಂಥದ್ದನ್ನೇನೂ ಗಮನಿಸಿದಂತೆ ಕಾಣಲಿಲ್ಲ. ಇಳಿದಿದ್ದ ಹೆಗಲು ಮೇಲಕ್ಕೆ ಬಂತು. "ಒಂದೇನಾ ಸಾರ್? ಕಂಪನಿಯೋರು ಎರಡೂವರೆ ಅಂತಾರೆ" ಎಂದವನೇ ಕುರ್ಚಿ ಎಳೆದುಕೊಂಡು ಕೂತು, ಆಮಂತ್ರಣ ಪತ್ರಿಕೆಯ ಹಿಂಬದಿಯಲ್ಲಿ ಬರೆದು ಸಹಿ ಹಾಕಿದ. ಮೇಷ್ಟ್ರು ಲಕೋಟೆ ತೆಗೆದು ಎಣಿಸತೊಡಗಿದರು.

"ಮೊದಲನೇ ತಿಂಗಳದ್ದು ಹಿಡ್ಕೊಂಡೇ ಕೊಡಿ ಸಾರ್" ಎಂದ ಅಟೆಂಡರ್, ಗೊತ್ತಿಲ್ಲದವರಿಗೆ ದಾರಿ ತೋರಿಸುವಂತೆ. "ಎಲ್ರೂ ಹಾಗೇ ಮಾಡೋದು."

ಬೇಡ ಎನ್ನಬೇಕೆಂದು ಮೇಷ್ಟ್ರು ಬಾಯಿ ತೆರೆಯುವಷ್ಟರಲ್ಲಿ ಬೆರಳುಗಳು ಕಟ್ಟಿನಿಂದ ನೂರರ ಎರಡು ನೋಟುಗಳನ್ನು ಎಳೆದು ಆಗಿತ್ತು. ಅವು ಕೋಟಿನ ಒಳಜೇಬಿಗೆ ಸದ್ದಿಲ್ಲದೆ ಇಳಿದವು. ಉಳಿದದ್ದನ್ನು ಅಟೆಂಡರ್ ಅವರೆದುರಿಗೇ, ಹೆಬ್ಬೆರಳಿಗೆ ಎಂಜಲು ಹಚ್ಚಿ, ಎರಡು ಸಲ ಎಣಿಸಿದ. "ಸರಿಯಾಗಿದೆ. ತಿಂಗಳು ತಿಂಗಳು ಐದನೇ ತಾರೀಕು ಬಡ್ಡಿ ತಂದುಕೊಡ್ತೀನಿ ಸಾರ್."

"ಐದಲ್ಲ" ಎಂದರು ಮೇಷ್ಟ್ರು. "ಸಂಬಳ ಆಗೋದು ಒಂದನೇ ತಾರೀಕಲ್ವಾ?"